ಕಮ್ಮಾರರ ಸರದಿ

ಆ ಕೊಳವೆಯ ಕಂದಕ ತೋಡಿದ್ದು ನಾವೇ. ಹೊಲದ ಒಡೆಯ ಹಾಜಿ ಬೂಷ್ತಾ ತೋಡಲಿಲ್ಲ, ಅವನ ಅಕ್ಕನ ಮಗ ಫದ್ದೂಲ್ ತೋಡಲಿಲ್ಲ, ಪಟ್ಟಣದಿಂದ ಯಂತ್ರವೂ ಬರಲಿಲ್ಲ. ಮೇಲಿನ ಕೇರಿ, ಕೆಳಗಿನ ಕೇರಿ ಎರಡೂ ಸೇರಿ, ಗಂಡಸರು ಅಗೆದು, ಹೆಂಗಸರು ಮಣ್ಣು ಹೊತ್ತು, ಬುಗ್ಗೆಯಿಂದ ಹಾಜಿಯ ಹೊಲದವರೆಗೆ ಬೆಟ್ಟದ ಮೈ ಸೀಳಿ ಕೊಟ್ಟೆವು. ಅಗೆದ ಗುದ್ದಲಿಗಳು ನಮ್ಮ ಮನೆಯ ಕುಲುಮೆಯಲ್ಲೇ ಆದವು. ನನ್ನ ಗಂಡ ಅಲ್ಲಾಲ್ ಕಮ್ಮಾರ. ಈಗ ಅದನ್ನು ನೆನೆದರೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಬೆಟ್ಟದಲ್ಲಿ ಇದಕ್ಕೆ ತ್ವೀಝಾ ಅನ್ನುತ್ತಾರೆ. ಯಾರಾದರೂ ಕರೆದರೆ ಮನೆಗೊಬ್ಬರಂತೆ ಹೋಗಿ ದುಡಿಯಬೇಕು. ಕೂಲಿ ಕೇಳುವಂತಿಲ್ಲ, ಯಾಕೆ ಎಂದೂ ಕೇಳುವಂತಿಲ್ಲ. ಕರೆದವನು ಊಟ ಹಾಕಬೇಕು. ಆ ಊಟ ಉಂಡವನು ಅಲ್ಲಿ ಆದ ಕೆಲಸವನ್ನು ತನ್ನ ಕೈಯಾರೆ ಕೆಡಿಸುವಂತಿಲ್ಲ. ಇಬ್ಬರು ಅಣ್ಣತಮ್ಮಂದಿರು ಜಗಳವಾಡಿ ಅಂಗಳದ ನಡುವೆ ತ್ವೀಝಾ ಕರೆದು ಗೋಡೆ ಕಟ್ಟಿಸಿಕೊಂಡರು. ಆಮೇಲೆ ರಾಜಿಯಾದರು. ಗೋಡೆ ಮಾತ್ರ ಹಾಗೇ ನಿಂತಿದೆ. ಇಬ್ಬರೂ ಉಂಡಿದ್ದರಲ್ಲ, ಈಗ ಗೋಡೆ ಸುತ್ತಿಕೊಂಡು ಒಬ್ಬರ ಮನೆಗೆ ಒಬ್ಬರು ಹೋಗಿ ಚಹಾ ಕುಡಿಯುತ್ತಾರೆ. ನಗಬೇಡಿ. ಪೊಲೀಸು, ಕಚೇರಿ ಯಾವುದೂ ನಮ್ಮವರದಲ್ಲದ ಕಡೆ ಜನ ಇಂಥದನ್ನೇ ಕಾನೂನು ಮಾಡಿಕೊಂಡು ಬದುಕುತ್ತಾರೆ.

ಹಾಜಿ ಕರೆದದ್ದು ವಸಂತದ ಮೊದಲಲ್ಲಿ, ದೇವದಾರು ಮರಗಳ ಬುಡದಲ್ಲಿ ಇನ್ನೂ ಹಿಮವಿದ್ದಾಗ. ಬುಗ್ಗೆಯ ನೀರು ತೆರೆದ ಕಾಲುವೆಯಲ್ಲಿ ಹರಿದು ಅರ್ಧಕ್ಕರ್ಧ ಇಂಗಿ ಹೋಗುತ್ತಿದೆ, ಕೊಳವೆ ಹಾಕಿಸಿದರೆ ಎರಡೂ ಕೇರಿಗೆ ನಲ್ಲಿಯಲ್ಲೇ ನೀರು ಎಂದ. ಕೊಳವೆ ತನ್ನದು, ದುಡಿಮೆ ಊರಿನದು ಎಂದ. ಕೆಳಗಿನ ಕೇರಿಗೆ ನಲ್ಲಿ ಬರುತ್ತದೆ ಅಂದದ್ದೇ ಸಾಕು, ಬೆನ್ನು ನೆಟ್ಟಗಾಗದ ಮುದುಕರೂ ಗುದ್ದಲಿ ಹಿಡಿದು ಬಂದರು. ಕೊಳವೆ ಯಾಕೆ ಅಷ್ಟು ದಪ್ಪವಿದೆ, ಅದು ಯಾಕೆ ಕೇರಿ ದಾಟಿ ಹಾಜಿಯ ಹೊಸ ಹೊಲದವರೆಗೂ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ. ತ್ವೀಝಾದಲ್ಲಿ ಕೇಳುವಂತಿಲ್ಲವಲ್ಲ. ಕೊಳವೆ ನಮ್ಮ ಕುಲುಮೆಯ ಎದುರಿಗೇ ಹಾದು ಹೋಯಿತು. ಆ ಜಾಗದ ಕಲ್ಲು ಕಿತ್ತವನು ಅಲ್ಲಾಲ್, ಮಣ್ಣು ಹೊತ್ತವಳು ನಾನು.

ಕೊನೆಯ ದಿನ ಊಟ. ಕುರಿ ಕಡಿದಿದ್ದರು. ಬಂಡಿಗಾಲಿಯಷ್ಟು ಅಗಲದ ಮಣ್ಣಿನ ತಟ್ಟೆಗಳಲ್ಲಿ ಕುಸ್‌ಕುಸ್, ಮೇಲೆ ಮಾಂಸ, ಕಡಲೆ, ಕುಂಬಳಕಾಯಿ. ಮೊದಲು ಮೇಲಿನ ಕೇರಿಯ ಗಂಡಸರು ಕೂತರು. ಆಮೇಲೆ ಕೆಳಗಿನ ಕೇರಿಯ ಗಂಡಸರು. ಅವರ ತುದಿಗೆ ಅಲ್ಲಾಲ್. ಆಮೇಲೆ ಮೇಲಿನವರ ಹೆಂಗಸರು, ಕೆಳಗಿನವರ ಹೆಂಗಸರು. ಎಲ್ಲರಿಗಿಂತ ಕೊನೆಗೆ ಕಮ್ಮಾರರ ಹೆಂಗಸರು, ಅಂದರೆ ನಾನು, ನನ್ನ ಅತ್ತೆ ಯಮ್ನಾ. ಬುಗ್ಗೆಯ ನೀರಿನಲ್ಲೂ ನಮ್ಮ ಸರದಿ ಕೊನೆಯದೇ. ನಾವು ಬಡಿದ ಕುಡುಗೋಲು ಎಲ್ಲರಿಗೂ ಬೇಕು, ನಮ್ಮ ಮನೆಗೆ ಹೆಣ್ಣು ಕೊಡಲು ಮಾತ್ರ ಯಾರಿಗೂ ಆಗುವುದಿಲ್ಲ. ನಮ್ಮ ಮುಂದೆ ತಟ್ಟೆ ಬಂದಾಗ ಅದರ ತಳ ಕಾಣುತ್ತಿತ್ತು. ಚೀಪಿ ಬಿಟ್ಟ ಮೂಳೆ ಇದ್ದವು. ಅತ್ತೆ ತಟ್ಟೆಯನ್ನು ಬಗ್ಗಿ ನೋಡಿ, ನನ್ನ ಮುಖ ನೋಡಿ ನಕ್ಕಳು.

"ನಮ್ ಪಾಲಿಗೆ ಬೂದಿ ಹಚ್ಚಿ ತಿಕ್ಕೋದೊಂದು ಉಳಿದಿದೆ. ಏಳೇ, ತಿಕ್ಕು."

ತಿಕ್ಕಿದೆ. ಬರಿ ಹೊಟ್ಟೆಯಲ್ಲಿ, ಊರಿಗೆಲ್ಲ ಬಡಿಸಿದ ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿಟ್ಟು ಬಂದೆ. ಇಂಥದು ಹೊಸದೇನಲ್ಲ, ಆದ್ದರಿಂದ ಆವತ್ತು ಅದನ್ನು ಯಾರೂ ಗಮನಿಸಲಿಲ್ಲ. ನಾನೂ ಗಮನಿಸಲಿಲ್ಲ.

ಕೆಳಗಿನ ಕೇರಿಯ ನಲ್ಲಿಯಲ್ಲಿ ನೀರು ಬಂದದ್ದು ಹಾಜಿಯ ಹೊಸ ಹೊಲದ ಗಿಡ ಮೊಣಕಾಲೆತ್ತರ ಬರುವವರೆಗೆ. ಆಮೇಲೆ ನಲ್ಲಿ ಉಸಿರುಬಿಟ್ಟಿತು, ಕೆಮ್ಮಿತು, ನಿಂತಿತು. ಹಳೆಯ ಕಾಲುವೆಯಲ್ಲಿ ಅಷ್ಟರಲ್ಲಿ ಮುಳ್ಳು ಬೆಳೆದಿತ್ತು.

ಕಿಫ್ ನಾವೂ ಬೆಳೆಯುತ್ತೇವೆ. ಹೊರಗಿನವರು ಗಾಂಜಾ ಅನ್ನಲಿ, ವಿಷ ಅನ್ನಲಿ, ಈ ಕಲ್ಲಿನಲ್ಲಿ ಬೇರೇನು ಬರುತ್ತದೆ ಎಂದು ಬಂದು ನೋಡಲಿ. ನಮ್ಮದು ನಾಟಿ ಬೀಜ. ಮಳೆ ಬಿದ್ದಷ್ಟು ಕುಡಿದು, ಬೀಳದಿದ್ದರೆ ಸುಮ್ಮನಿದ್ದು, ಸೊಂಟದೆತ್ತರ ಬೆಳೆದು ಕೈಗೆ ಬರುತ್ತದೆ. ಹಾಜಿ ತಂದದ್ದು ಖರ್ದಾಲಾ. ಅದು ಆಳೆತ್ತರ ಬೆಳೆಯುತ್ತದೆ, ಎರಡರಷ್ಟು ರಾಳ ಕೊಡುತ್ತದೆ, ಬೇಸಿಗೆ ಪೂರ್ತಿ ಬುಡದಲ್ಲಿ ನೀರು ನಿಂತಿರಬೇಕು. ದೇವದಾರು ಕಡಿದು ಮಾಡಿದ ಆ ಹೊಲದಲ್ಲಿ ಎಷ್ಟು ಗಿಡವೋ, ಲೆಕ್ಕ ಹಾಜಿಗೇ ಗೊತ್ತಿಲ್ಲ. ಕರಿ ಪ್ಲಾಸ್ಟಿಕ್ ಹಾಸಿದ ಒಂದು ಕೊಳ ಮಾಡಿಸಿದ, ನಾವೇ ತೋಡಿದ್ದು ಅದನ್ನೂ. ಬುಗ್ಗೆಯ ನೀರೆಲ್ಲ ಅಲ್ಲಿಗೆ ಹೋಗಿ ಬೀಳುತ್ತಿತ್ತು. ರಾತ್ರಿ ಹಗಲು ನಮ್ಮ ಕುಲುಮೆಯ ಎದುರು ನೆಲದೊಳಗೆ ನೀರು ಹೋಗುವ ಸದ್ದು ಕೇಳುತ್ತಿತ್ತು. ಬಾಯಾರಿದವರ ಕಿವಿಗೆ ಅದು ಇನ್ನೂ ಚೆನ್ನಾಗಿ ಕೇಳುತ್ತದೆ.

ದೂರು ಕೊಡೋಣ ಎಂದರೆ ಕೊಡುವವರು ಯಾರು? ನಮ್ಮ ಕೇರಿಯ ಪ್ರತಿ ಗಂಡಸಿನ ಹೆಸರಿಗೂ ಕಿಫ್ ಬೆಳೆದದ್ದಕ್ಕೆ ಹಳೆಯದೊಂದು ವಾರಂಟು ಇದೆ. ಅಲ್ಲಾಲ್ ತನ್ನ ತಮ್ಮನ ಮದುವೆಗೂ ಪಟ್ಟಣಕ್ಕೆ ಇಳಿಯಲಿಲ್ಲ. ನೀರು ಕದ್ದರು ಎಂದು ಕಚೇರಿಗೆ ಹೋದರೆ, ಆ ನೀರಲ್ಲಿ ನೀನೇನು ಬೆಳೆಯುತ್ತಿದ್ದೆ ಎಂದು ಕೇಳುತ್ತಾರೆ. ಹಾಜಿಗೂ ವಾರಂಟು ಇರಬೇಕಿತ್ತು. ಅವನು ಪಟ್ಟಣಕ್ಕೆ ತನ್ನ ಕಾರಿನಲ್ಲಿ ಹೋಗಿ ಬರುತ್ತಾನೆ.

ಹೊಳೆ ಕಣಿವೆಯ ತಳದಲ್ಲಿದೆ. ಇಳಿಯುವಾಗ ಮೊಣಕಾಲು ಕಳಚುತ್ತದೆ, ಹತ್ತುವಾಗ ಎದೆ. ಕ್ಯಾನನ್ನು ಬೆನ್ನಿಗೆ ಹಾಕಿ, ಹಗ್ಗವನ್ನು ಹೆಗಲ ಮೇಲಿಂದ ತಂದು ಎದೆಯ ಮೇಲೆ ಬಿಗಿಯಬೇಕು. ಹಗ್ಗ ಕೂತ ಜಾಗದಲ್ಲಿ ಚರ್ಮ ಮೊದಲು ಸುಲಿಯುತ್ತದೆ, ಆಮೇಲೆ ಕತ್ತೆಯ ಬೆನ್ನಿನ ಹಾಗೆ ಗಟ್ಟಿಯಾಗುತ್ತದೆ. ಬೇಸಿಗೆ ನೆತ್ತಿಗೆ ಬಂದ ಮೇಲೆ ಹೊಳೆ ಹರಿಯುವುದಿಲ್ಲ, ಅಲ್ಲಲ್ಲಿ ಹೊಂಡ. ಹೊಂಡದಲ್ಲಿ ಹಸಿರು ಲೋಳೆ, ಮೇಲಿನ ಹೊಲಗಳಿಂದ ಇಳಿದ ಗೊಬ್ಬರ, ಸತ್ತ ಕಪ್ಪೆ. ಬಟ್ಟೆಯಲ್ಲಿ ಸೋಸಿ, ಕುದಿಸಿ, ಪುದೀನ ಹಾಕಿ ವಾಸನೆ ಮುಚ್ಚಿ ಕುಡಿದೆವು.

ಹೊಳೆಯಿಂದ ಬಂದ ಮೇಲೆ ಹಾಜಿಯ ಹೊಲದ ಕೆಲಸಕ್ಕೆ ಹೋಗುತ್ತಿದ್ದೆ. ಬೇರೆ ಕೆಲಸ ಎಲ್ಲಿದೆ? ಅಲ್ಲಿ ನನ್ನ ಕೆಲಸ ನೀರು ಬಿಡುವುದು. ಬುಗ್ಗೆಯ ನೀರನ್ನು, ನಮ್ಮ ನಲ್ಲಿಗೆ ಬರಬೇಕಾದ ನೀರನ್ನು, ರಬ್ಬರ್ ಪೈಪು ಹಿಡಿದು ಒಂದೊಂದು ಗಿಡದ ಬುಡಕ್ಕೂ ಬಿಡಬೇಕು. ಬುಡ ತುಂಬಿ ಗುಳ್ಳೆ ಬರುವವರೆಗೆ ಕಾಯಬೇಕು. ಬಗ್ಗಿ ಬಗ್ಗಿ ಸಂಜೆಗೆ ಸೊಂಟ ನನ್ನದಲ್ಲ. ಕುಡಿಯಲು ಅಡ್ಡಿಯಿಲ್ಲ, ಹೊಟ್ಟೆಯಲ್ಲಿ ಹಿಡಿದಷ್ಟು ಕುಡಿಯಬಹುದು. ಹೊರಗೆ ಒಂದು ಲೋಟ ಒಯ್ಯುವಂತಿಲ್ಲ. ಬೇಲಿಯ ಬಾಗಿಲಲ್ಲಿ ಫದ್ದೂಲ್ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ನನ್ನ ಜೊತೆ ಕೆಲಸ ಮಾಡುತ್ತಿದ್ದವಳು ಪಕ್ಕದ ಮನೆಯ ರಹ್ಮಾ. ಅವಳು ಒಮ್ಮೆ ಬಾಟಲಿ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದು ವಾರಗಟ್ಟಲೆ ಕೆಲಸ ಕಳೆದುಕೊಂಡಿದ್ದಳು.

ಅತ್ತೆ ಆ ಹೊತ್ತಿಗೆ ಹಾಸಿಗೆ ಹಿಡಿದಿದ್ದಳು. ಕಾಲು ಬಾತು ಕುಂಬಳಕಾಯಿಯಾಗಿತ್ತು, ನಾಲಿಗೆ ಮಾತ್ರ ಚೂಪಾಗಿಯೇ ಇತ್ತು. ಮದುವೆಯಾಗಿ ಬಂದ ಏಳನೆಯ ದಿನ ಹೊಸ ಸೊಸೆ ಬುಗ್ಗೆಗೆ ಹೋಗಿ ಮೊದಲ ನೀರು ತರುವುದು ನಮ್ಮಲ್ಲಿ ಕ್ರಮ. ಅತ್ತೆ ಹಾಗೆ ಹೋದಾಗ ಮೇಲಿನ ಕೇರಿಯವರು ಅವಳನ್ನು ಬಿಸಿಲು ನೆತ್ತಿಗೇರುವವರೆಗೆ ನಿಲ್ಲಿಸಿದ್ದರಂತೆ, ಕಮ್ಮಾರರ ಸರದಿ ಕೊನೆಗೆ ಎಂದು. ನಿಂತಳಂತೆ. ಕೊಡ ತುಂಬಿಕೊಂಡೇ ಬಂದಳಂತೆ. ಆ ನೀರಿನ ಮೇಲೆ ಅವಳಿಗೆ ಒಂದು ಹಟ. ನನ್ನನ್ನು ಹತ್ತಿರ ಕರೆದು ದಿನಕ್ಕೊಂದು ಸಲ ಅದನ್ನೇ ಹೇಳುತ್ತಿದ್ದಳು.

"ಸತ್ತ ಮೇಲೆ ಬುಗ್ಗೆ ನೀರಲ್ಲೇ ತೊಳೀಬೇಕು ಕಣೇ ನನ್ನ. ಹೊಳೆ ಲೋಳೆ ಸುರಿದ್ಯೋ, ಎದ್ದು ಬಂದು ನಿನ್ನ ಜುಟ್ಟು ಹಿಡೀತೀನಿ."

ಮಕ್ಕಳಿಲ್ಲದ ನನ್ನನ್ನು ಒಂದು ದಿನವೂ ಆಡಿಕೊಳ್ಳದ ಹೆಂಗಸು ಅವಳು. ಬೇರೇನನ್ನೂ ಕೇಳಿದವಳಲ್ಲ. ಇದೊಂದು ನನ್ನ ಕೈಯಲ್ಲಿ ಆಗಬೇಕು ಎಂದುಕೊಂಡೆ.

ಬದುಕಿರುವಾಗ ಒಂದು ಗುಟುಕಾದರೂ ಆ ನೀರು ಅವಳ ಬಾಯಿಗೆ ಬೀಳಲಿ ಎಂದು ಒಂದು ಉಪಾಯ ಮಾಡಿದೆ. ನಾವು ಸೊಂಟಕ್ಕೆ ಸುತ್ತಿಕೊಳ್ಳುವ ಕೆಂಪು ಬಿಳಿ ಪಟ್ಟೆಯ ದಪ್ಪ ಬಟ್ಟೆ ಮಂದೀಲ್. ಕೆಲಸ ಬಿಡುವ ಮುಂಚೆ ಅದನ್ನು ಪೈಪಿನ ಕೆಳಗೆ ಹಿಡಿದು ನೆನೆಸಿ, ಸುತ್ತಿಕೊಂಡು ಹೊರಟುಬಿಡುತ್ತಿದ್ದೆ. ನೀರು ಬಿಡುವವಳ ಬಟ್ಟೆ ಒದ್ದೆಯಾಗುವುದು ಸಹಜ. ಮನೆಗೆ ಬಂದು ಬಟ್ಟಲಿಗೆ ಹಿಂಡುತ್ತಿದ್ದೆ. ಬೆವರಿನ ಉಪ್ಪು, ಕಿಫ್ ಅಂಟಿನ ವಾಸನೆ. ಅತ್ತೆ ಕಣ್ಣು ಮುಚ್ಚಿ ಕುಡಿದು, ಬುಗ್ಗೆ ನೀರು ಬುಗ್ಗೆ ನೀರೇ ಎನ್ನುತ್ತಿದ್ದಳು.

ಒಂದು ಸಂಜೆ ಬಾಗಿಲು ದಾಟುವಾಗ ಮಂದೀಲಿನಿಂದ ನೀರು ತೊಟ್ಟಿಕ್ಕಿ ಧೂಳಿನಲ್ಲಿ ಗೆರೆ ಎಳೆಯಿತು. ಫದ್ದೂಲ್ ಗೆರೆ ನೋಡಿದ, ನನ್ನನ್ನು ನೋಡಿದ. ನನ್ನ ತಮ್ಮನಾಗುವ ವಯಸ್ಸಿನವನು.

"ಬಿಚ್ಚು ಅದನ್ನ," ಅಂದ.

ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ಬಿಚ್ಚಿದೆ. ಹೊಲದೊಳಕ್ಕೆ ವಾಪಸು ಕರೆದುಕೊಂಡು ಹೋಗಿ ಒಂದು ಗಿಡ ತೋರಿಸಿ, ಇದರ ಬುಡಕ್ಕೆ ಹಿಂಡು ಎಂದ. ಹಿಂಡಿದೆ. ಇನ್ನೂ ಇದೆ ಎಂದ. ಇನ್ನೊಮ್ಮೆ ತಿರುಚಿ ಹಿಂಡಿದೆ. ಕೊನೆಯ ಹನಿ ಬೀಳುವವರೆಗೆ ನೋಡುತ್ತ ನಿಂತಿದ್ದು, ಗಿಡದ ಎಲೆ ಸವರಿ, "ಕುಡಿಯಪ್ಪ, ಕಮ್ಮಾರರವಳು ಕೊಟ್ಟಿದ್ದು," ಎಂದ. ಕೆಲವರು ನಕ್ಕರು. ನಗದಿದ್ದರೆ ನಾಳೆ ಕೆಲಸವಿಲ್ಲ, ನನಗೆ ಗೊತ್ತು. ಮನೆಗೆ ಬಂದಾಗ ಅತ್ತೆ ಬಟ್ಟಲು ಹಿಡಿದುಕೊಂಡು ಕೂತಿದ್ದಳು. ಇವತ್ತು ಒಣಗಿಬಿಡ್ತು ಎಂದೆ. ಅವಳು ಬಟ್ಟಲನ್ನು ಬೋರಲು ಹಾಕಿ ಮಲಗಿದಳು.

ಅದೇ ವಾರ ಒಂದು ಬೆಳಿಗ್ಗೆ ಅವಳು ಏಳಲಿಲ್ಲ.

ಬೇಸಿಗೆ. ಮಧ್ಯಾಹ್ನದ ನಮಾಜಿನೊಳಗೆ ಮಣ್ಣು ಮಾಡಬೇಕು. ಗಂಡಸರು ಅಂಗಳದಲ್ಲಿ ಸೇರಿದರು. ಮಸೀದಿಯ ಫಕೀಹ್ ಬಂದ. ಊರಿನ ಹುಟ್ಟು ಸಾವು ಎಲ್ಲಕ್ಕೂ ಅವನೇ ಓದುವವನು. ಮನೆಯಲ್ಲಿದ್ದ ನೀರು ತೋರಿಸಿ ಎಂದ. ಕ್ಯಾನಿನ ಮುಚ್ಚಳ ತೆಗೆದೆ. ಬಗ್ಗಿ ನೋಡಿದ, ಮೂಸಿದ, ಮೂಗು ತಿರುಗಿಸಿದ. ಬಣ್ಣ ಕೆಟ್ಟಿದೆ, ವಾಸನೆ ಇದೆ, ಇದರಲ್ಲಿ ಮಯ್ಯತ್ತು ತೊಳೆಯಲು ಬರುವುದಿಲ್ಲ ಎಂದ. ಬೇಸಿಗೆ ಪೂರ್ತಿ ನಾವು ಕುಡಿದ ನೀರು ಹೆಣಕ್ಕೆ ಲಾಯಕ್ಕಿಲ್ಲ. ಹಾಗಾದರೆ ಏನು ಮಾಡುವುದು ಎಂದು ಅಲ್ಲಾಲ್ ಕೇಳಿದ. ನೀರಿಲ್ಲದ ಕಡೆ ಶುದ್ಧ ಮಣ್ಣು ಸಾಕು, ಅಂಗೈಯನ್ನು ಮಣ್ಣಿಗೆ ತಟ್ಟಿ ಮುಖಕ್ಕೂ ಕೈಗೂ ಸವರಿದರೆ ಆಯಿತು, ದೇವರು ಒಪ್ಪುತ್ತಾನೆ ಎಂದ ಫಕೀಹ್.

ನಾನು ಫದ್ದೂಲನ ಹತ್ತಿರ ಓಡಿದೆ. ಒಂದು ಕ್ಯಾನು ಕೊಡು, ಅತ್ತೆಗೆ ಎಂದೆ. ನನ್ನ ಕೈಯಲ್ಲಿಲ್ಲ ಎಂದು ಹಾಜಿಗೆ ಫೋನು ಮಾಡಿ, ನನಗೂ ಕೇಳಲಿ ಎಂದು ಜೋರು ಮಾಡಿ ಹಿಡಿದ. ಹಾಜಿಯ ದನಿಯಲ್ಲಿ ಇನ್ನೂ ನಿದ್ದೆಯಿತ್ತು. ಗಿಡ ಹೂವಿಗೆ ಬಂದ ಹೊತ್ತು ಎಂದ. ಕೊಳ ಅರ್ಧವಿದೆ ಎಂದ. ದೇವರು ಅವಳಿಗೆ ಸ್ವರ್ಗ ಕೊಡಲಿ ಎಂದೂ ಅಂದ.

"ಇವತ್ತು ಒಂದು ಕ್ಯಾನ್ ಕೊಟ್ರೆ ನಾಳೆ ಆ ಕೇರಿಯೆಲ್ಲ ಒಂದೊಂದು ಹೆಣ ಹೊತ್ಕೊಂಡು ಬರುತ್ತೆ. ಬಾಗಿಲು ಹಾಕ್ಕೊಳೋ."

ಬರಿಗೈಯಲ್ಲಿ ಬಂದೆ. ಫಕೀಹ್ ಆಗಲೇ ಒಂದು ಹರಿವಾಣದಲ್ಲಿ ಮಣ್ಣು ಜರಡಿ ಹಿಡಿಸಿ ಇಟ್ಟಿದ್ದ. ನುಣ್ಣಗೆ, ಹಿಟ್ಟಿನ ಹಾಗೆ. ರಹ್ಮಾಗೆ ಒಳಗೆ ಒಯ್ಯಲು ಹೇಳುತ್ತಿದ್ದ. ನಾನು ಹರಿವಾಣ ಕಿತ್ತುಕೊಂಡೆ.

"ನೀರಿಲ್ಲ ಅಂದ್ರಲ್ಲ ಸೀದಿ," ಎಂದೆ. ದೊಡ್ಡವರನ್ನು ನಾವು ಹಾಗೇ ಕರೆಯುವುದು. "ಬನ್ನಿ ಇಲ್ಲಿ. ಈ ಕಲ್ಲಿನ ಮೇಲೆ ಕಿವಿ ಇಟ್ಟು ಇನ್ನೊಂದ್ಸಲ ಹೇಳಿ."

ಅವನು ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ, ನಿಂತಲ್ಲಿಗೇ ಕೇಳುತ್ತಿತ್ತು. ಅಂಗಳದ ತುಂಬ ಗಂಡಸರು ನಿಂತಿದ್ದರು, ಅವರ ಕಾಲ ಕೆಳಗೆ ನೀರು ಹೋಗುತ್ತಿತ್ತು. ನೀರಿದ್ದೂ ಇಲ್ಲ ಎಂದು ಮಣ್ಣು ಸವರಿದರೆ ದೇವರು ಒಪ್ಪುತ್ತಾನಾ ಎಂದು ಕೇಳಿದೆ. ಫಕೀಹ್ ಮಸೀದಿಯ ಕಡೆ ನೋಡಿದ. ಅದರ ಹೊಸ ಚಾವಣಿ ಹಾಜಿ ಹಾಕಿಸಿದ್ದು.

ಅಗೆಯಿರಿ ಎಂದು ಗಂಡಸರಿಗೆ ಹೇಳಿದೆ. ಯಾರೂ ಅಲುಗಲಿಲ್ಲ. ನಿಮ್ಮನ್ನೆಲ್ಲ ಎತ್ತಿ ಆಡಿಸಿದವಳು ಕಣ್ರೋ ಎಂದೆ. ತಲೆ ತಗ್ಗಿಸಿದರು. ಉಂಡಿದ್ದೇವಲ್ಲ ಎಂದು ಒಬ್ಬ ಗೊಣಗಿದ. ಅಲ್ಲಾಲನನ್ನು ನೋಡಿದೆ. ಒಳಗೆ ಮಲಗಿದ್ದವಳು ಅವನ ತಾಯಿ.

"ನಾನೂ ಉಂಡಿದೀನಿ ಮೆನ್ನಾನಾ," ಎಂದು ನನ್ನ ಹೆಸರು ಹಿಡಿದು ಹೇಳಿದ.

ಥೂ ಎಂದು ಉಗಿಯಬೇಕು ಅನ್ನಿಸಿತು. ಒಂದು ಹೊತ್ತಿನ ಊಟಕ್ಕೆ ಊರಿಗೆ ಊರೇ ಕೈ ಕಟ್ಟಿಸಿಕೊಂಡಿದೆ. ಆಗ ಅತ್ತೆಯ ನಗು ನೆನಪಾಯಿತು. ತಟ್ಟೆಯ ತಳ ಬಗ್ಗಿ ನೋಡಿ ನಕ್ಕಿದ್ದಳಲ್ಲ, ಆ ನಗು.

"ನಾನು ಉಂಡಿಲ್ಲ," ಎಂದೆ. "ಎಲ್ರೂ ಕೇಳ್ಕೊಳ್ಳಿ. ನಮ್ ಸರದಿ ಬರೋ ಹೊತ್ತಿಗೆ ನೀವು ಮೂಳೆ ಬಿಟ್ಟಿದ್ರಿ. ಒಂದು ಅಗುಳೂ ನನ್ನ ಗಂಟಲಲ್ಲಿ ಇಳಿದಿಲ್ಲ."

ಯಾರೂ ಇಲ್ಲ ಎನ್ನಲಿಲ್ಲ. ರಹ್ಮಾ ಬಾಯಿಗೆ ತಲೆವಸ್ತ್ರದ ಅಂಚು ಹಿಡಿದುಕೊಂಡಳು. ಅಲ್ಲಾಲ್ ಕುಲುಮೆಯೊಳಗೆ ಹೋದ. ಗೋಡೆಗೆ ನೇತುಹಾಕಿದ್ದ ಗುದ್ದಲಿಗಳಲ್ಲಿ ಒಂದೊಂದನ್ನೇ ಮುಟ್ಟಿ ನೋಡಿ, ಎಲ್ಲಕ್ಕಿಂತ ಭಾರದ್ದನ್ನು ಇಳಿಸಿದ. ಹೆಬ್ಬೆರಳಿನಿಂದ ಬಾಯಿ ಸವರಿ ನೋಡಿದ. ತಂದು ನನ್ನ ಕೈಗೆ ಕೊಟ್ಟ, ಹಿಂದೆ ಸರಿದು ನಿಂತ.

ಮೇಲಿನ ಕಲ್ಲು ಎತ್ತುವಾಗ ಉಗುರು ಕಿತ್ತು ಬಂತು. ನಾನೇ ಹೊತ್ತು ಸುರಿದ ಮಣ್ಣು ಅದು, ಈಗ ಗಟ್ಟಿಯಾಗಿತ್ತು. ಅಗೆದೆ. ಗಂಡಸರು ನೋಡುತ್ತ ನಿಂತಿದ್ದರು. ಒಂದು ಹೆಂಗಸು ಬೆವರು ಸುರಿಸಿ ನೆಲ ಅಗೆಯುವುದನ್ನು ಅಷ್ಟು ಜನ ಸುಮ್ಮನೆ ನಿಂತು ನೋಡಿದ್ದು ಅದೇ ಮೊದಲೇನಲ್ಲ. ಕರಿ ಕೊಳವೆಯ ಬೆನ್ನು ಕಂಡಿತು. ಎತ್ತಿ ಹೊಡೆದೆ. ಜಾರಿತು. ಫದ್ದೂಲನ ಮುಖ ನೆನೆಸಿಕೊಂಡು ಹೊಡೆದೆ. ಕೊಳವೆ ಒಡೆದು ನೀರು ನನ್ನ ಎದೆಗೆ ಗುದ್ದಿತು, ನಾನು ಹಿಂದಕ್ಕೆ ಬಿದ್ದೆ. ಹಿಮದಷ್ಟು ತಣ್ಣನೆಯ ನೀರು. ಬಿದ್ದಲ್ಲೇ ಕೂಗಿ ಅಳತೊಡಗಿದೆ.

ಮೊದಲು ಬಂದವಳು ರಹ್ಮಾ. ಕ್ಯಾನು ಹಿಡಿದಳು. ಇಬ್ಬರೂ ಸೇರಿ ಒಳಗೆ ಹೊತ್ತು ಬಾಗಿಲು ಹಾಕಿಕೊಂಡೆವು. ಅತ್ತೆಯ ಹೆಗಲ ಮೇಲೆ ಹಗ್ಗದ ಗುರುತು ಎರಡು ಕಡೆಯೂ ಇತ್ತು, ಕರ್ರಗಾಗಿ, ಗಟ್ಟಿಯಾಗಿ. ಎಷ್ಟು ತೊಳೆದರೂ ಅದು ಹೋಗುವಂಥದಲ್ಲ. ಹಿಮ್ಮಡಿಯ ಬಿರುಕಿನೊಳಗಿನ ಮಣ್ಣನ್ನು ಬೆರಳಿನಿಂದ ತೆಗೆದೆ. ಬಲಗಡೆ ತೊಳೆದೆವು, ಎಡಗಡೆ ತೊಳೆದೆವು, ಕೂದಲು ಬಿಡಿಸಿ ತೊಳೆದು ಜಡೆ ಹಾಕಿದೆವು. ನೀರು ಉಳಿಸಬೇಕು ಎನ್ನುವ ಯೋಚನೆಯಿಲ್ಲದೆ ಸುರಿದೆವು. ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಯಾರ ಮೈ ಮೇಲಾದರೂ ಅಷ್ಟು ನೀರು ಬಿದ್ದದ್ದು ಅವಳೊಬ್ಬಳ ಮೇಲೆ. ಹೊರಗೆ ಕೇರಿಯ ಹೆಂಗಸರು ಕೊಡ, ಬಕೆಟ್ಟು, ಚಹಾ ಪಾತ್ರೆ ಹಿಡಿದು ಓಡಿ ಬರುವ ಸದ್ದು ಕೇಳಿಸಿತು. ಒಡೆಯಬಾರದು ಅಷ್ಟೇ, ಒಡೆದದ್ದರಿಂದ ತುಂಬಿಕೊಳ್ಳಬಾರದು ಎಂದು ಯಾರೂ ಹೇಳಿರಲಿಲ್ಲವಲ್ಲ. ಹೆಣ ಎತ್ತುವ ಹೊತ್ತಿಗೆ ಫದ್ದೂಲ್ ಮೇಲೆ ಬುಗ್ಗೆಯ ಹತ್ತಿರ ಹೋಗಿ ಕೊಳವೆಯ ತಿರುಗಣೆ ಮುಚ್ಚಿದ. ಅಂಗಳದಲ್ಲಿ ಕೆಸರು ಉಳಿಯಿತು.

ಮಾರನೆಯ ಬೆಳಿಗ್ಗೆ ಜೀಪು ಬಂತು. ನಮ್ಮ ಕೇರಿಗೆ ಪೊಲೀಸರ ಜೀಪು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು, ದಾರಿ ಅಷ್ಟು ಕೆಟ್ಟದು. ಮನೆಯ ಹಿಂದಿನ ನಮ್ಮ ಪಾತಿಗೆ ಹೋಗಿ, ಮಳೆಯಲ್ಲೇ ಬೆಳೆದ ಸೊಂಟದೆತ್ತರದ ಗಿಡಗಳನ್ನು ಬುಡಸಮೇತ ಕಿತ್ತು ರಾಶಿ ಹಾಕಿ ಬೆಂಕಿಯಿಟ್ಟರು. ವರ್ಷದ ಅನ್ನ ಅದು. ಹೊಗೆ ನೇರವಾಗಿ ಹಾಜಿಯ ಹೊಲದ ಕಡೆ ಹೋಯಿತು. ಅಲ್ಲಿ ಖರ್ದಾಲಾ ಆಳೆತ್ತರ ನಿಂತಿತ್ತು, ಕುರುಡನಿಗೂ ವಾಸನೆಯಲ್ಲಿ ಗೊತ್ತಾಗುವಷ್ಟು. ಪೊಲೀಸರು ಅದರ ಬೇಲಿಯ ನೆರಳಲ್ಲಿ ನಿಂತು, ಫದ್ದೂಲ್ ಕೊಟ್ಟ ತಣ್ಣೀರು ಕುಡಿದು ಮುಖ ತೊಳೆದುಕೊಂಡರು.

ಹಳೆಯ ವಾರಂಟು ತೋರಿಸಿ ಅಲ್ಲಾಲನನ್ನು ಹತ್ತಿಸಿಕೊಂಡರು. ಕೊಳವೆ ಒಡೆದವಳು ನಾನು, ಅವನಲ್ಲ ಎಂದು ಕೂಗಿದೆ. ಕೊಳವೆಯ ವಿಷಯ ನಮಗೆ ಗೊತ್ತಿಲ್ಲ, ಇದು ಕಿಫ್ ಕೇಸು ಎಂದರು. ನೀರಿನ ಮಾತನ್ನು ಅವರು ಬಾಯಿಗೇ ತರಲಿಲ್ಲ. ಗುದ್ದಲಿಯನ್ನು ಮಾತ್ರ ಜೀಪಿಗೆ ಹಾಕಿಕೊಂಡರು. ಅಲ್ಲಾಲ್ ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದ. ತಾಯಿಯ ಗೋರಿಯ ಮಣ್ಣು ಇನ್ನೂ ಅವನ ಉಗುರಿನಲ್ಲಿತ್ತು.

ಹಾಜಿ ಪಟ್ಟಣದಿಂದ ಬಂದು ತ್ವೀಝಾ ಕರೆದ. ಕೊಳವೆ ಸರಿ ಮಾಡಬೇಕಿತ್ತು. ಎರಡೂ ಕೇರಿಯವರು ಹೋದರು. ಮೊನ್ನೆ ಕೊಡ ಹಿಡಿದು ಓಡಿ ಬಂದವರೇ ಮಣ್ಣು ಹೊತ್ತರು. ನಾನು ಹೊಸಿಲಲ್ಲಿ ಕೂತು ನೋಡಿದೆ. ಪ್ಲಾಸ್ಟಿಕ್ ತೆಗೆದು ನಮ್ಮ ಮನೆಯ ಎದುರಿನ ಉದ್ದಕ್ಕೂ ಕಬ್ಬಿಣದ ಕೊಳವೆ ಹಾಕಿಸಿದ. ಕಮ್ಮಾರರ ಬಾಗಿಲಲ್ಲಿ ಕಬ್ಬಿಣ, ಬಡಿಯುವವನು ಜೈಲಲ್ಲಿ. ಕೆಲಸ ಮಾಡುವವರು ನನ್ನ ಕಡೆ ನೋಡಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಶಕ್ತಿ ಇರಲಿಲ್ಲ.

ಊಟದ ದಿನ ನಾನು ಹೋಗಲಿಲ್ಲ. ಯಾರೂ ಕೂರುವ ಮೊದಲೇ ರಹ್ಮಾ ಬಂದಳು, ಕೈಯಲ್ಲಿ ಮುಚ್ಚಿದ ತಟ್ಟೆ. ನನ್ನ ಮುಂದಿಟ್ಟು ಮುಚ್ಚಳ ತೆಗೆದಳು. ಬಿಳಿ ಹಬೆ ಎದ್ದಿತು. ಕುಸ್‌ಕುಸ್ಸಿನ ಗುಡ್ಡ, ಅದರ ನೆತ್ತಿಯ ಮೇಲೆ ಕುರಿಯ ಇಡೀ ತೊಡೆ, ಯಾರೂ ಮುಟ್ಟದ್ದು. ಹುಟ್ಟಿದಾಗಿನಿಂದ ಮೊದಲ ತಟ್ಟೆ ಹೇಗಿರುತ್ತದೆ ಎಂದು ನಾನು ನೋಡಿರಲಿಲ್ಲ.

"ಹಾಜಿ ಕಳಿಸಿದಾನೆ," ಎಂದಳು ರಹ್ಮಾ. ನನ್ನ ಮುಖ ನೋಡದೆ ಹೇಳಿದಳು. "ನೀನು ಉಂಡ್ರೆ ಸಾಕಂತೆ. ನಾಳೇನೇ ಹೋಗಿ ಪೊಲೀಸರ ಹತ್ರ ಮಾತಾಡ್ತಾನಂತೆ. ಅಲ್ಲಾಲ್ ಮನೆಗೆ ಬರ್ತಾನೆ."

ಹಿಂದಿನ ದಿನದಿಂದ ಹೊಟ್ಟೆಗೆ ಬಾರ್ಲಿ ರೊಟ್ಟಿಯ ಚೂರು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಬಾಯಲ್ಲಿ ನೀರೂರಿತು, ಅದಕ್ಕೆ ನಾಚಿಕೆಯೂ ಆಯಿತು.

"ಒಂದೇ ಒಂದು ತುತ್ತು ಕಣೇ," ಎಂದಳು. "ನಾವೆಲ್ಲ ಉಂಡಿಲ್ವಾ? ಸತ್ತು ಹೋದ್ವಾ?"

ಒಂದು ತುತ್ತು ನುಂಗಿದರೆ ನನ್ನ ಗಂಡ ಬರುತ್ತಾನೆ. ನುಂಗಿದರೆ ಈ ಎರಡು ಕೇರಿಯಲ್ಲಿ ಆ ಕೊಳವೆಯ ಮೇಲೆ ಕೈ ಎತ್ತಬಲ್ಲವರು ಒಬ್ಬರೂ ಉಳಿಯುವುದಿಲ್ಲ. ಒಬ್ಬಳು ಉಳಿದರೂ ಏನು ಬಂತು, ಕಬ್ಬಿಣ ನನ್ನ ಕೈಯಲ್ಲಿ ಒಡೆಯುತ್ತದಾ? ಒಡೆಯುವುದಿಲ್ಲ. ನನಗೂ ಗೊತ್ತು, ಹಾಜಿಗೂ ಗೊತ್ತು. ಆದರೂ ಅವನು ಯಾರಿಗೂ ಹಾಕುವ ಮೊದಲು ನನಗೆ ಹಾಕಿಸಿದ್ದ. ಅದನ್ನು ಯೋಚಿಸುತ್ತ ಎಷ್ಟೋ ಹೊತ್ತು ಕೂತೆ. ಹಬೆ ನಿಂತು ಕೊಬ್ಬು ಬೆಳ್ಳಗೆ ಹೆಪ್ಪುಗಟ್ಟಿತು. ರಹ್ಮಾ ಅಳುತ್ತಿದ್ದಳು. ಮುಚ್ಚಳ ಮುಚ್ಚಿ ತಟ್ಟೆಯನ್ನು ಅವಳ ಕೈಗೆ ಎತ್ತಿಕೊಟ್ಟೆ.

"ತಗೊಂಡು ಹೋಗಮ್ಮ," ಎಂದೆ. "ಕಮ್ಮಾರರ ಸರದಿ ಕೊನೇದು ಅಂತ ಹೇಳು."

ಹಾಜಿಯ ಹೊಲದ ಕೆಲಸ ಹೋಯಿತು. ಚಾಪೆ ಹೆಣೆದು ಮಾರುತ್ತೇನೆ, ಯಾರಾದರೂ ಕೊಂಡರೆ. ಖರ್ದಾಲಾ ಕೊಯ್ಲಾಗಿ ಮೇಲಿನ ಕೇರಿಯ ಚಾವಣಿಗಳ ಮೇಲೆ ಒಣಗಿತು, ಲಾರಿ ಬಂದು ಹೋಯಿತು. ನಲ್ಲಿ ಹಾಗೇ ಇದೆ, ಅದಕ್ಕೆ ಯಾರೋ ಮೇಕೆ ಕಟ್ಟುತ್ತಾರೆ. ಅಲ್ಲಾಲನಿಗೆ ಶಿಕ್ಷೆಯಾಯಿತು. ಚಳಿಗಾಲ ಹಿಡಿಯುವ ಮುಂಚೆ ಒಮ್ಮೆ ಜೈಲಿಗೆ ಹೋಗಿ ನೋಡಿ ಬಂದೆ. ಜಾಲರಿಯ ಆಚೆ ಅವನ ಕೈ ಬೆಳ್ಳಗಾಗಿತ್ತು, ಮಸಿಯಿಲ್ಲದ ಆ ಕೈ ಬೇರೆ ಯಾರದೋ ಅನ್ನಿಸಿತು. ತಟ್ಟೆ ಬಂದ ಸುದ್ದಿ ಅವನಿಗೆ ಹೇಗೋ ತಲುಪಿತ್ತು. ಎಷ್ಟೋ ಹೊತ್ತು ಹವೆ, ಮೇಕೆ, ಸೋರುವ ಚಾವಣಿ ಎಂದೆಲ್ಲ ಮಾತಾಡಿ ಕೊನೆಗೆ ಕೇಳಿದ.

"ಉಂಡ್ಯಾ?"

"ಇಲ್ಲ."

ಅವನು ತಲೆ ತಗ್ಗಿಸಿದ. ಸಿಟ್ಟೋ, ಮೆಚ್ಚಿಗೆಯೋ, ನನಗೆ ಗೊತ್ತಾಗಲಿಲ್ಲ. ನಾನು ಉಂಡಿದ್ದರೆ ಅವನು ಆವತ್ತು ಮನೆಯಲ್ಲಿ ಇರುತ್ತಿದ್ದ.

"ಮಾಂಸ ಇತ್ತಾ ಅದರಲ್ಲಿ?"

"ಇತ್ತು. ಇಡೀ ತೊಡೆ."

"ಇಡೀದಾ?" ಎಂದ. ಅವನ ತುಟಿ ಅವನ ತಾಯಿಯದರ ಹಾಗೇ ಒಂದು ಕಡೆಗೆ ಎಳೆದುಕೊಂಡಿತು, ನಕ್ಕ. ನಾನೂ ನಕ್ಕೆ. ನಗುತ್ತ ನಗುತ್ತ ಅವನು ಜಾಲರಿಗೆ ಹಣೆ ಒತ್ತಿ ಅಳುವುದಕ್ಕೆ ಶುರು ಮಾಡಿದ. ಕಾವಲಿನವನು ಬಂದು ಹೊತ್ತಾಯಿತು ಎಂದ. ಅಲ್ಲಾಲ್ ತೋಳಿನಲ್ಲಿ ಮುಖ ಒರೆಸಿಕೊಂಡು, ನೀನು ಹೊರಡು, ಹೊಳೆಗೆ ಇಳಿಯೋಕೆ ಕತ್ತಲಾಗುತ್ತೆ ಎಂದ. ಹೊರಟು ಬಂದೆ. ಊರು ಸೇರಿದಾಗ ಕತ್ತಲಾಗಿಯೇ ಇತ್ತು. ಕ್ಯಾನು ಬೆನ್ನಿಗೆ ಹಾಕಿಕೊಂಡು ಹೊಳೆಗೆ ಇಳಿದೆ.